ಮಧ್ಯಾಹ್ನ ಮೂರರ ನೀರು

“ಮೇಡಂ, ಎಣಿಸಿದ್ದು ಸರಿ ಅದರಿ. ಮೂರು ಸಲ ಎಣಿಸೀವಿ.”

ಒಂಬತ್ತನೇ ತರಗತಿಯ ಹುಡುಗಿ ಹೀಗೆ ಹೇಳಿದಳು. ಆದರೂ ನಾನು ಕೆಂಪು ಪೆನ್ನು ತೆಗೆದು, ಅವಳ ದಾಖಲೆ ಪುಸ್ತಕದಲ್ಲಿ ಆ ಅಂಕಿಯ ಪಕ್ಕ ‘ತಪ್ಪು, ಮತ್ತೆ ಅಳೆಯಿರಿ’ ಎಂದು ಬರೆದೆ.

ಬೀದರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆಗಳು ಹೈದರಾಬಾದಿನಲ್ಲಿ ತಲೆಮಾರುಗಳಿಂದ ಇವೆ. ನನ್ನ ತಂಡದ ಇಬ್ಬರೂ ಅಂಥ ಮನೆಯವರೇ. ನಾವು ಸಿದ್ಧರಾಗುತ್ತಿದ್ದದ್ದು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ. 1993ರಿಂದ ನಡೆಯುತ್ತಿರುವ ಈ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ಜಿಲ್ಲಾ ಮಟ್ಟದಿಂದ ಮೇಲೇರಬೇಕು. ನಾವು ಆರಿಸಿಕೊಂಡದ್ದು ಬಡಾವಣೆಯ ಚರಂಡಿ ನೀರು ಸೇರುವ, ಹಸಿರುಗಟ್ಟಿದ ಒಂದು ಚೆರುವನ್ನು, ಅಂದರೆ ಕೆರೆಯನ್ನು.

ವರದಿಯ ಪೀಠಿಕೆಯನ್ನು ನಾನೇ ಹೇಳಿ ಬರೆಸಿದ್ದೆ. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹ, ಅದರ ನಂತರ ನಗರವನ್ನು ಉಳಿಸಲು ಯೋಜನೆ ಹಾಕಿಕೊಟ್ಟ ನಮ್ಮ ವಿಶ್ವೇಶ್ವರಯ್ಯನವರು, 1920ರ ಉಸ್ಮಾನ್‌ಸಾಗರ, 1927ರ ಹಿಮಾಯತ್‌ಸಾಗರ ಎಲ್ಲ ಬಂದವು. ಎರಡು ಪುಟ ತುಂಬಿತು. ತೀರ್ಪುಗಾರರು ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಸಮಾರೋಪವೂ ನನ್ನ ತಲೆಯಲ್ಲಿ ಮೊದಲೇ ಸಿದ್ಧವಾಗಿತ್ತು. ಕೊಳಕು ನೀರು, ಅದರಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಮೀನು ಸಾಯುತ್ತವೆ. ಅಳತೆ ಮಾಡಿ ತೋರಿಸುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಶನಿವಾರ ಶಾಲೆ ಅರ್ಧ ದಿನ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಹೋಗುತ್ತಿದ್ದೆವು. ಹುಡುಗ ಮೊಣಕಾಲು ಊರಿ, ಗಾಜಿನ ಬಾಟಲಿಯನ್ನು ನೀರೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ಬಿರಡೆ ಹಾಕುವನು. ಎರಡು ರಾಸಾಯನಿಕಗಳನ್ನು ಬಿಟ್ಟರೆ ಕಂದು ಬಣ್ಣದ ಗಸಿ ಕೆಳಗಿಳಿಯುತ್ತದೆ. ಆಮ್ಲ ಹಾಕಿದರೆ ಅದು ಕರಗಿ ಹಳದಿಯಾಗುತ್ತದೆ, ಗಂಜಿಯ ದ್ರಾವಣ ಬಿದ್ದರೆ ಕಡುನೀಲಿ. ಆಮೇಲೆ ಆ ನೀಲಿ ಪೂರ್ತಿ ಮಾಯವಾಗುವವರೆಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಎಣಿಸಿ ಬಿಡಬೇಕು. ಹನಿ ಹೆಚ್ಚಾದಷ್ಟೂ ಆಮ್ಲಜನಕ ಹೆಚ್ಚು. ಹುಡುಗಿ ಉಸಿರು ಬಿಗಿಹಿಡಿದು ಎಣಿಸುವಳು.

30 ಡಿಗ್ರಿಯ ಶುದ್ಧ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ. ನಾರುವ ಆ ಚೆರುವಿನಲ್ಲಿ ಅದಕ್ಕಿಂತಲೂ ಹೆಚ್ಚು ಬರುತ್ತಿತ್ತು! ಕಿಟ್ ಹಳೆಯದು, ಮಕ್ಕಳಿಗೆ ಎಣಿಸಲು ಬರುವುದಿಲ್ಲ ಎಂದೆಲ್ಲ ಅಂದುಕೊಂಡೆ. ಸರಿ ಇರಬಹುದು ಎಂದು ಮಾತ್ರ ಹೊಳೆಯಲಿಲ್ಲ.

ದಾರಿ ತೋರಿಸಿದವರು ದಡದಲ್ಲಿ ಬಲೆ ಒಣಹಾಕುತ್ತಿದ್ದ ಒಬ್ಬ ವಯಸ್ಸಾದವರು. ಹುಡುಗಿಯೇ ಹೋಗಿ ತೆಲುಗಿನಲ್ಲಿ ಕೇಳಿದ್ದಳು: “ತಾತಾ, ಇಲ್ಲಿ ಮೀನು ಸಾಯೋದು ಯಾವಾಗ?” ಬೆಳಗಿನ ಜಾವ ಎಂದರಂತೆ. ನಸುಕಿನಲ್ಲಿ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುತ್ತವೆ, ಹೊತ್ತು ಏರಿದ ಮೇಲೆ ತಳಕ್ಕಿಳಿಯುತ್ತವೆ ಎಂದರಂತೆ.

ಮರುದಿನವೇ ಐದೂವರೆಗೆ ಹೋದೆವು. ಹುಡುಗಿಯ ತಂದೆ ಟಾರ್ಚ್ ಹಿಡಿದು ನಿಂತರು. ಈ ಸಲ ನೀಲಿ ಬಣ್ಣ ಕಾಣಿಸಿಕೊಂಡದ್ದೇ ತಡ, ಬೆರಳೆಣಿಕೆಯ ಹನಿಗಳಲ್ಲಿ ಮಾಯವಾಯಿತು.

ಚರಂಡಿಯ ಸಾರಜನಕ, ರಂಜಕಗಳನ್ನು ತಿಂದು ಪಾಚಿ ಕೊಬ್ಬಿರುತ್ತದೆ. ಬಿಸಿಲಿದ್ದಾಗ ಅದು ನೀರಿಗೆ ಆಮ್ಲಜನಕ ತುಂಬುತ್ತದೆ. ರಾತ್ರಿ ತಾನೂ ಉಸಿರಾಡುತ್ತದೆ, ಕೊಳೆಯುವ ಕಸವೂ ಆಮ್ಲಜನಕ ಹೀರುತ್ತದೆ. ಬೆಳಗಾಗುವಷ್ಟರಲ್ಲಿ ಮೀನಿಗೆ ಏನೂ ಉಳಿದಿರುವುದಿಲ್ಲ. ಇದು ಪುಸ್ತಕದಲ್ಲಿದೆ, ನಾನು ಓದಿಯೂ ಇದ್ದೆ. ಪಾಠ ಹೇಳುವಾಗ ನೆನಪಿಗೆ ಬರುವುದು, ದಡದಲ್ಲಿ ನಿಂತಾಗ ಬರಲಿಲ್ಲ.

ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರು ಪೋಸ್ಟರುಗಳತ್ತ ಒಮ್ಮೆ ಕಣ್ಣು ಹಾಯಿಸಿ, ದಾಖಲೆ ಪುಸ್ತಕ ಕೈಗೆತ್ತಿಕೊಂಡರು. ಕೆಂಪು ಶಾಯಿಯ ಪುಟದಲ್ಲಿ ನಿಂತರು. “ಇದು ತಪ್ಪು ಅಂತ ಬರೆದವರು ಯಾರು?” ಮಕ್ಕಳು ಸುಮ್ಮನಿದ್ದರು. ಹಿಂದಿನ ಸಾಲಿನಿಂದ ಎದ್ದು ನಾನೇ ಹೇಳಿದೆ. ಅವರು ತಲೆಯಾಡಿಸಿ ಹುಡುಗಿಯ ಕಡೆ ತಿರುಗಿದರು. ಅವಳು ಎರಡು ಹೊತ್ತಿನ ಹನಿಗಳ ಲೆಕ್ಕ ಹೇಳತೊಡಗಿದಳು.

ನಮ್ಮ ತಂಡ ಆಯ್ಕೆಯಾಗಲಿಲ್ಲ. ಎರಡೇ ಮುಂಜಾವಿನ ಅಳತೆ ಸಾಲದು ಎಂದರು. ಅದು ನ್ಯಾಯವಾದ ಮಾತು. ಶನಿವಾರಗಳನ್ನು ಕಳೆದವಳು ನಾನು.

ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗ ಕಿಟಕಿಯಾಚೆ ನೋಡುತ್ತ ಕೇಳಿದ: “ಮೇಡಂ, ಇಡೀ ದಿನ ಮೋಡ ಇದ್ರ ಏನಾಗ್ತದರಿ?” ಗೊತ್ತಿದ್ದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ಕಿಟ್‌ನಲ್ಲಿ ಇನ್ನೂ ಅರ್ಧ ಬಾಟಲಿ ದ್ರಾವಣ ಉಳಿದಿತ್ತು.