800 ರೂಪಾಯಿ ಎಲ್ಲಿ ಹೋಯಿತು?

ನಮ್ಮ ಸಂಘದಲ್ಲಿ ನಾವು 12 ಜನ. ವಾರಕ್ಕೆ ತಲಾ 50 ರೂಪಾಯಿ ಉಳಿಸುತ್ತೇವೆ. ನಾಲ್ಕು ವಾರಕ್ಕೆ 2400 ರೂಪಾಯಿ ಆಯಿತು. ಅದರಲ್ಲಿ ಮೂವರಿಗೆ ಸಾಲ ಕೊಟ್ಟೆವು. ಒಬ್ಬರಿಗೆ 1000, ಒಬ್ಬರಿಗೆ 500, ಒಬ್ಬರಿಗೆ 300.

ಲೆಕ್ಕವನ್ನು ಈಗ ಕಂಪ್ಯೂಟರಿನಲ್ಲಿ ಬರೆಯುತ್ತೇವೆ. ಅದರ ಹಾಳೆ ಚೌಕಾಬಾರದ ಮಣೆಯ ಹಾಗೆ. ತುಂಬಾ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಅಂಕಿ. ಮೊತ್ತದ ಮನೆಯಲ್ಲಿ ಮಾತ್ರ ಸೂತ್ರ ಇರುತ್ತದೆ. ಸೂತ್ರ ಎಂದರೇನು? 'ಇಲ್ಲಿಂದ ಇಲ್ಲಿಯವರೆಗೆ ಕೂಡು' ಎಂದು ನಾವು ಕೊಡುವ ಅಪ್ಪಣೆ. ಅದು = ಗುರುತಿನಿಂದ ಶುರುವಾಗುತ್ತದೆ.

ಅಂದು ತಿಂಗಳ ಸಭೆ. ಉಳಿಕೆ 1400 ಎಂದು ಕಂಪ್ಯೂಟರ್ ತೋರಿಸಿತು. ಪೆಟ್ಟಿಗೆಯಲ್ಲಿ ಇದ್ದದ್ದು 600. ನಾವೆಲ್ಲ ಲೆಕ್ಕ ಬರೆಯುವ ಅಕ್ಕನ ಮುಖ ನೋಡಿದೆವು.

"ಮಿಕ್ಕ 800 ಎಲ್ಲಕ್ಕಾ?"

"ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಅಕ್ಕನ ಕಣ್ಣು ತುಂಬಿ ಬಂತು. "ನಾನು ಒಂದು ಪೈಸೆ ಮುಟ್ಟಿಲ್ಲ ಕಣ್ರಮ್ಮ. ಮೊದಲು ಕೈಲೆಕ್ಕ ಮಾಡಿ ನೋಡಿ" ಅಂದರು.

ಕಾಗದದ ಮೇಲೆ ಬರೆದೆವು.

1000 + 500 + 300 = 1800
2400 - 1800 = 600

ಪೆಟ್ಟಿಗೆ ಸರಿಯಾಗಿಯೇ ಇತ್ತು! ಹಾಗಾದರೆ ತಪ್ಪು ಎಲ್ಲಿ? ಹಾಳೆಯಲ್ಲಿ ಸಾಲದ ಮೊತ್ತ ನೋಡಿದೆವು. ಬರೀ 1000 ಅಂತಿತ್ತು.

ಮೊತ್ತದ ಮನೆಯನ್ನು ಒತ್ತಿದೆವು. ಹಾಳೆಯ ಮೇಲಿನ ಉದ್ದ ಪಟ್ಟಿಯಲ್ಲಿ ಸೂತ್ರ ಕಾಣಿಸಿತು. ಅದು 2ನೇ ಅಡ್ಡಸಾಲಿನಿಂದ 3ನೆಯದರವರೆಗೆ ಮಾತ್ರ ಕೂಡುತ್ತಿತ್ತು. ಕೊನೆಗೆ ಕೊಟ್ಟ 300 ರೂಪಾಯಿ 4ನೇ ಅಡ್ಡಸಾಲಿನಲ್ಲಿತ್ತು. ಸೂತ್ರದಲ್ಲಿ 3 ಅಳಿಸಿ 4 ಮಾಡಿದೆವು. ಎಂಟರ್ ಒತ್ತಿದೆವು. ಮೊತ್ತ 1300 ಆಯಿತು.

ಇನ್ನೂ 500 ಬೇಕು. ಮನೆಗಳನ್ನು ಒಂದೊಂದಾಗಿ ನೋಡಿದೆವು. ಉಳಿದ ಅಂಕಿಗಳು ಬಲಕ್ಕೆ ಇದ್ದವು. ಒಂದು ಮಾತ್ರ ಎಡಕ್ಕೆ ಇತ್ತು. ಅಲ್ಲಿ '500 ರೂ' ಎಂದು ಬರೆದಿತ್ತು. 'ರೂ' ಸೇರಿದರೆ ಕಂಪ್ಯೂಟರಿಗೆ ಅದು ಅಂಕಿಯಲ್ಲ, ಅಕ್ಷರ. ಕೂಡುವಾಗ ಬಿಟ್ಟುಬಿಡುತ್ತದೆ. ಅದನ್ನು ಅಳಿಸಿ ಬರೀ 500 ಎಂದು ಬರೆದೆವು. ಮೊತ್ತ 1800 ಆಯಿತು. ಉಳಿಕೆ 600 ಆಯಿತು.

ಮೊತ್ತದ ಮನೆಯಲ್ಲಿ 1800 ಎಂದು ನಾವೇ ಬರೆದುಬಿಡಬಹುದಿತ್ತಲ್ಲ? ಹಾಗೆ ಮಾಡಬಾರದು. ಸೂತ್ರ ಅಳಿಸಿ ಹೋಗುತ್ತದೆ. ನಾಳೆ ಹೊಸ ಸಾಲ ಬರೆದರೂ ಮೊತ್ತ 1800ರಲ್ಲೇ ನಿಲ್ಲುತ್ತದೆ.

ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ನಾವು ಹೇಳಿದಷ್ಟನ್ನೇ ಕೂಡಿತು. ಹೇಳಿದ್ದರಲ್ಲಿ ತಪ್ಪಿತ್ತು. ಆದರೆ ನಾವು ಅನುಮಾನಪಟ್ಟದ್ದು ಅಕ್ಕನ ಮೇಲೆ. "ತಪ್ಪಾಯ್ತು ಅಕ್ಕ" ಅಂದೆವು. ಈಗ ಪ್ರತಿ ಸಭೆಯಲ್ಲೂ ಒಬ್ಬರು ಹಾಳೆ ಓದುತ್ತೇವೆ. ಒಬ್ಬರು ಕೈಯಲ್ಲಿ ಕೂಡುತ್ತೇವೆ. ಒಬ್ಬರು ಪೆಟ್ಟಿಗೆ ಎಣಿಸುತ್ತೇವೆ. ಮೂರೂ ಒಂದಾದ ಮೇಲೆಯೇ ಸಹಿ.

ನೀವೇ ಮಾಡಿ ನೋಡಿ:
2ನೇ ಅಡ್ಡಸಾಲಿನಿಂದ 5ನೆಯದರವರೆಗೆ ಹೀಗೆ ಬರೆದಿದೆ: 200, 300, 100, 400. ಸೂತ್ರ 2ರಿಂದ 4ರವರೆಗೆ ಕೂಡುತ್ತದೆ. ಕಂಪ್ಯೂಟರ್ ಎಷ್ಟು ತೋರಿಸುತ್ತದೆ? ಸರಿಯಾದ ಮೊತ್ತ ಎಷ್ಟು?