ಉಡಿಯ ಖಣವೂ ಕಾಗದದ ಮಾದರಿಯೂ

ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಗಳು ಮರಳಿ ಹೊರಡುವಾಗ ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆಗಳ ಜೊತೆಗೆ ಒಂದು ಖಣ ಬೀಳುವುದು ನಮ್ಮ ಭಾಗದ ವಾಡಿಕೆ. ಬೀಳಗಿ ತಾಲೂಕಿನ ಬಾಡಗಂಡಿಯಿರಲಿ, ಜಮಖಂಡಿ ಮುಧೋಳಗಳ ಹಳ್ಳಿಗಳಿರಲಿ, ಈ ಪದ್ಧತಿ ಇನ್ನೂ ಬಿಟ್ಟಿಲ್ಲ. ಬಿಟ್ಟುಹೋಗುತ್ತಿರುವುದು ಆ ಖಣವನ್ನು ಕುಪ್ಪಸವಾಗಿಸುವ ವಿದ್ಯೆ. ದರ್ಜಿಯ ಬಳಿಗೆ ಒಯ್ದರೆ ಅವನು ಟೇಪು ಹಿಡಿದು ನೋಡಿ, "ಅರಿವಿ ಸಾಲೂದಿಲ್ಲವ್ವಾ" ಎಂದು ಹಿಂದಿರುಗಿಸುತ್ತಾನೆ. ಖಣವು ಮರಳಿ ಟ್ರಂಕು ಸೇರುತ್ತದೆ.

ದರ್ಜಿಯ ಮಾತು ಸುಳ್ಳಲ್ಲ. ಇಂದಿನ ರವಿಕೆಗೆ ಸಾಧಾರಣವಾಗಿ 80 ಸೆಂಟಿಮೀಟರು ಬಟ್ಟೆ ಬೇಕು. ಗುಳೇದಗುಡ್ಡದ ನೇಕಾರರು ಖಣವನ್ನು ನೇಯ್ದದ್ದು ಬೇರೊಂದು ಕತ್ತರಿಕೆಯ ಲೆಕ್ಕದ ಮೇಲೆ. ತೇರು, ತೊಟ್ಟಿಲು, ಆನೆಹೆಜ್ಜೆ, ಸೂರ್ಯನಾರಾಯಣ ಮುಂತಾದ ಹೆಸರಿನ ಚಿತ್ತಾರಗಳನ್ನು ಹೊತ್ತು, ಅಂಚು ಸಹಿತ, ಒಂದು ಕುಪ್ಪಸಕ್ಕೆ ಸರಿಹೋಗುವ ತುಂಡಾಗಿ ಅದು ಮಾರಾಟವಾಗುತ್ತಿತ್ತು. ಅಂಗಡಿಯಲ್ಲಿ ತ್ರಿಕೋನಾಕಾರವಾಗಿ ಮಡಚಿಡುವುದೂ ಉಂಟು. ಹಳೆಯ ಕುಪ್ಪಸವು ಮೊಟಕು. ಮುಂದೆ ಗಂಟು ಹಾಕುವಂಥದು. ಗುಂಡಿ ಹುಕ್ಕುಗಳಿಗಾಗಿ ಒಂದರ ಮೇಲೊಂದು ಬರುವ ಪಟ್ಟಿ ಅದಕ್ಕೆ ಬೇಡ. ತೋಳು ನೇರವಾದ ತುಂಡು. ಕೈಯೆತ್ತಲು ಅನುಕೂಲವಾಗಲೆಂದು ಕಂಕುಳಿಗೆ ಚಿಕ್ಕ ಚೌಕವೊಂದನ್ನು ಓರೆಯಾಗಿ ಕೂಡಿಸುತ್ತಿದ್ದರು. ಆ ಚೌಕವೂ ಕತ್ತರಿಸಿ ಉಳಿದ ಚೂರಿನಿಂದಲೇ ಬರುತ್ತಿತ್ತು. ಬಟ್ಟೆಯನ್ನು ಇಷ್ಟು ಹಿಡಿತದಿಂದ ಬಳಸಿದ ಕತ್ತರಿಕೆಯನ್ನು ಅನಾಗರಿಕವೆಂದು ತಳ್ಳಿಹಾಕಿದ್ದು ನಮ್ಮ ಅವಸರವೇ ಸರಿ.

ಈ ಕತ್ತರಿಕೆಗೆ ಪುಸ್ತಕವಿರಲಿಲ್ಲ, ಕಾಗದವೂ ಇರಲಿಲ್ಲ. ಅಜ್ಜಿಯ ಗೇಣು, ಬೆರಳುಗಳೇ ಅಳತೆ. ಪಾಶ್ಚಾತ್ಯ ದೇಶಗಳಲ್ಲಿ ಐಸಾಕ್ ಸಿಂಗರನು 1851ರಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟು ಪಡೆದ ಮೇಲೆ ಮನೆಹೊಲಿಗೆ ಹಬ್ಬಿತು. 1863ರಲ್ಲಿ ಅಮೇರಿಕದ ಮಸ್ಯಾಚುಸೆಟ್ಸಿನ ಎಬೆನೇಜರ್ ಬಟರಿಕ್ ಎಂಬ ದರ್ಜಿಯು ಬೇರೆ ಬೇರೆ ಅಳತೆಗಳ ಕಾಗದದ ಮಾದರಿಗಳನ್ನು ಮಾರಲಾರಂಭಿಸಿದನು. ಈ ಯೋಚನೆ ಅವನ ಮಡದಿಯದೆಂದು ಹೇಳುತ್ತಾರೆ. ಹಾಗಿದ್ದರೆ ಆಶ್ಚರ್ಯವೇನೂ ಇಲ್ಲ. ಗೇಣಿನ ಲೆಕ್ಕವು ಅಜ್ಜಿಯೊಡನೆ ಹೋಗುತ್ತದೆ, ಕಾಗದ ಉಳಿಯುತ್ತದೆ. ನಮ್ಮ ದರ್ಜಿಗಳು 'ಪೇಪರ್ ಕಟಿಂಗ್' ಎಂದು ಕರೆಯುವುದು ಇದನ್ನೇ. ಅಜ್ಜಿಯ ಕುಪ್ಪಸಕ್ಕೂ ಇದನ್ನು ಅನ್ವಯಿಸಲು ಅಡ್ಡಿಯಿಲ್ಲ.

ಮನೆಯಲ್ಲಿ ತೀರ ಜೀರ್ಣವಾದ ಕುಪ್ಪಸವಿದ್ದರೆ ಅದರ ಹೊಲಿಗೆಯನ್ನು ಬಿಚ್ಚಿ, ಬೆನ್ನು, ಎರಡು ಮುಂಭಾಗ, ಎರಡು ತೋಳು, ಕಂಕುಳ ಚೌಕಗಳೆಂದು ಬೇರ್ಪಡಿಸಬೇಕು. ಚೆನ್ನಾಗಿರುವ ಕುಪ್ಪಸವನ್ನು ಬಿಚ್ಚುವುದು ತರವಲ್ಲ. ಕಾಗದದ ಮೇಲೆ ಹರವಿ, ಹೊಲಿಗೆಯ ಗುಂಟ ಟಾಚಣಿ ಚುಚ್ಚಿ ಗುರುತು ತೆಗೆಯಬಹುದು. ಬೆನ್ನಿನ ಅರ್ಧಭಾಗವನ್ನಷ್ಟೇ ಬರೆದು, ನಡುಗೆರೆಯ ಮೇಲೆ 'ಮಡಿಕೆ' ಎಂದು ನಮೂದಿಸಬೇಕು. ಹಳೆಯ ಬಟ್ಟೆ ಓರೆಯ ಕಡೆಗೆ ಜಗ್ಗಿರುತ್ತದೆ. ಆದ್ದರಿಂದ ಎಡಬಲ ಎರಡನ್ನೂ ಅಳೆದು ನಡುವಿನ ಅಳತೆಯನ್ನು ಹಿಡಿಯುವುದು ಕ್ಷೇಮ. ಸುತ್ತಲೂ ಹೊಲಿಗೆಗೆ ಅರ್ಧ ಇಂಚು ಬಿಡುವುದು ರೂಢಿ. ಖಣದ ಅಂಚಿನ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ಮುಕ್ಕಾಲು ಇಂಚು ಬೇಕು.

ಅಜ್ಜಿಗಿಂತ ಮೊಮ್ಮಗಳ ಎದೆಯ ಸುತ್ತಳತೆ ಎರಡು ಇಂಚು ಹೆಚ್ಚಿದ್ದರೆ? ಹಲವರು ಬದಿಯಲ್ಲಿಯೇ ಎರಡು ಇಂಚು ಸೇರಿಸಿ ಕಂಕುಳನ್ನು ಕೆಡಿಸುತ್ತಾರೆ. ಮೈಯ ನಾಲ್ಕು ಪಾಲಿಗೆ ತಲಾ ಅರ್ಧ ಇಂಚು ಬಂದರೆ ಸಾಕು. ಕಾಗದವನ್ನು ಭುಜದ ನಡುವಿನಿಂದ ಕೆಳಗಿನ ಅಂಚಿನವರೆಗೆ ಸೀಳಿ, ಆ ಅರ್ಧ ಇಂಚಿನಷ್ಟು ತೆರೆದು, ಕೆಳಗೆ ಬೇರೆ ಕಾಗದ ಅಂಟಿಸಿದರೆ ತೋಳಿನ ಕೂಡಿಕೆ ಕೆಡುವುದಿಲ್ಲ. ಬಳಿಕ ಹಳೆಯ ಸೀರೆಯ ತುಂಡಿನಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟುನೋಡದೆ ಖಣಕ್ಕೆ ಕತ್ತರಿ ತಾಗಿಸಬಾರದು. ತೋಳಿನ ತುದಿ ಅಂಚಿನ ಮೇಲೆಯೇ ಬರುವಂತೆ ಮಾದರಿಯನ್ನಿಡುವುದು ಹಳಬರ ಜಾಣ್ಮೆ. ಅಲ್ಲಿ ಮಡಿಚಿ ಹೊಲಿಯುವ ಕೆಲಸವೇ ಇಲ್ಲ. ತೇರಿನ ಚಿತ್ತಾರವಿದ್ದರೆ ಎರಡೂ ತೋಳುಗಳಲ್ಲಿ ಕಳಸ ಮೇಲ್ಮುಖವಾಗಿದೆಯೇ ಎಂದು ಮೊದಲೇ ನೋಡತಕ್ಕದ್ದು. ತಲೆಕೆಳಗಾದ ತೇರನ್ನು ಇಡೀ ಊರು ಗಮನಿಸುತ್ತದೆ.

ಇದೇ ಕಾಗದವನ್ನು ರಾತ್ರಿಯ ಉಡುಪಿಗೂ ಹಿಗ್ಗಿಸಬಹುದು. ಖಣವನ್ನು ಅದಕ್ಕೆ ಬಳಸುವುದು ಮಾತ್ರ ಬರಿಯ ಡೌಲು. ಮಲಗುವ ಬಟ್ಟೆ ನಿತ್ಯವೂ ಒಗೆತ ತಾಳಬೇಕು. ರಬಕವಿ-ಬನಹಟ್ಟಿಯ ಹತ್ತಿಯ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆ, ಅದೇ ಯೋಗ್ಯ. ಸೀರೆಯ ಅಗಲ 45 ಇಂಚಿದ್ದರೆ ಅದನ್ನೇ ಉಡುಪಿನ ಉದ್ದವಾಗಿ ಹಿಡಿಯಬೇಕು. ಕೆಳಗಿನ ಅಂಚು ತಾನಾಗಿ ಬರುತ್ತದೆ. ಮೇಲೆ ಭುಜದಿಂದ ಎದೆಯವರೆಗೆ ಕುಪ್ಪಸದ ಮಾದರಿಯ ಮೇಲ್ಭಾಗದಿಂದ ಒಂಬತ್ತು ಇಂಚಿನ ತುಂಡು ಕತ್ತರಿಸಿ, ಸೀರೆಯನ್ನು ನಿರಿಗೆ ಹಿಡಿದು ಅದಕ್ಕೆ ಕೂಡಿಸಿದರೆ ಹೊಲಿಗೆ ಕಳೆದು 53 ಇಂಚು ಉದ್ದವಾಗುತ್ತದೆ. ಎದೆಯ ಸುತ್ತ ಆರು ಇಂಚು ಸಡಿಲವಿರಲಿ. ಸವೆದ ಸೀರೆಯ ನಡುಭಾಗವನ್ನು ಬೆಳಕಿಗೆ ಹಿಡಿದು ನೋಡಿಯೇ ಆರಿಸಬೇಕು. ಪಿಸಿದ ಭಾಗ ಕೌದಿಗಾಗಲಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳ ಹೆಸರಿನಲ್ಲಿಯೇ ಸೂಜಿಯಿದೆ. ಶಾಲೆಗಳ ಹೊಲಿಗೆ ತರಗತಿಗಳು ಕರವಸ್ತ್ರದ ಅಂಚಿನಲ್ಲಿಯೇ ನಿಲ್ಲದೆ, ವಿದ್ಯಾರ್ಥಿನಿಯರು ತಂತಮ್ಮ ಮನೆಯ ಹಿರಿಯಳ ಕುಪ್ಪಸದಿಂದ ಒಂದೊಂದು ಮಾದರಿ ತೆಗೆದು ತರುವಂತೆ ಮಾಡಿದರೆ ವೆಚ್ಚವೇನೂ ಬಾರದು. ಹಿರಿಯರು ಬದುಕಿರುವಾಗಲೇ ಆಗಬೇಕಾದ ಕೆಲಸವಿದು. ಚೌಕವನ್ನು ಯಾವ ಓರೆಗೆ ಕೂಡಿಸಬೇಕೆಂದು ಬಾಯಿಂದ ಹೇಳಬಲ್ಲವರು ಅವರೇ. ತೆಗೆದ ಮಾದರಿಯನ್ನು ಮಡಚದೆ ಸುರುಳಿ ಸುತ್ತಿ, ಮೇಲೆ ಯಾರ ಕುಪ್ಪಸ, ಎಷ್ಟು ಅಳತೆ, ಯಾವ ವರ್ಷ ಎಂದು ಬರೆದಿಡಬೇಕು.