ಕಡಲಿನಾಚೆಯ ಡೇರೆಯೂ ಮನೆಯ ಲೆಕ್ಕದ ಪುಸ್ತಕವೂ

ಬಯಲಿನಲ್ಲಿ ಡೇರೆ ಹೂಡಿ ರಜೆ ಕಳೆಯುವುದು ಅಗ್ಗದ ವಿಹಾರವೆಂಬ ನಂಬಿಕೆಯು ಬ್ರಿಟನ್ನಿನಲ್ಲಿ ನೆಲಸಿರುವ ನಮ್ಮವರಲ್ಲಿ ದೃಢವಾಗಿ ಬೇರೂರಿದೆ. ಮೈಸೂರು ಸೀಮೆಯಿಂದ ಬಂದು ಬಹುಕಾಲದಿಂದ ಇಂಗ್ಲೆಂಡಿನ ಮಧ್ಯಭಾಗದಲ್ಲಿ ಸಂಸಾರ ನಡೆಸುತ್ತಿರುವ ನಾನು, ಬೇಸಗೆಯನ್ನು ಕೆಲವೊಮ್ಮೆ ಈ ದ್ವೀಪದಲ್ಲಿಯೂ ಕೆಲವೊಮ್ಮೆ ಕಡಲ್ಗಾಲುವೆಯಾಚೆಯ ಫ್ರಾನ್ಸಿನಲ್ಲಿಯೂ ಕಳೆಯುತ್ತ ಬಂದವನಾದುದರಿಂದ, ಈ ಅಗ್ಗವೆಂಬುದು ಎರಡು ದೇಶಗಳಲ್ಲಿ ಎರಡು ಬಗೆಯದೆಂದು ನನ್ನ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡೇ ಹೇಳಬಲ್ಲೆನು. ಆಂಗ್ಲರು ರಾತ್ರಿಗಳನ್ನು ಕೊಳ್ಳುತ್ತಾರೆ. ಫ್ರೆಂಚರು ವಾಸವನ್ನು ಕೊಳ್ಳುತ್ತಾರೆ.

ಇದರ ಬೇರು ಇತಿಹಾಸದಲ್ಲಿದೆ. 1901ರಲ್ಲಿ ಸೈಕಲ್ ಸವಾರರ ಶಿಬಿರ ಸಂಘವನ್ನು ಕಟ್ಟಿ, 1908ರಲ್ಲಿ ಶಿಬಿರವಾಸಿಗಳಿಗೊಂದು ಕೈಪಿಡಿಯನ್ನು ಬರೆದ ಟಾಮಸ್ ಹೈರಮ್ ಹೋಲ್ಡಿಂಗ್ ವೃತ್ತಿಯಿಂದ ದರ್ಜಿ. ಸೈಕಲ್ಲಿನ ಮೇಲೆ ಹೇರಬಹುದಾದಷ್ಟು ಹಗುರವಾದ ಡೇರೆ, ಇಂದಿಲ್ಲಿ ನಾಳೆ ಅಲ್ಲಿ ಎಂಬ ಸಂಚಾರ, ದೇಹಶ್ರಮದಲ್ಲಿಯೇ ಒಂದು ಆನಂದ: ಇವೇ ಆ ಆಂಗ್ಲ ಪರಂಪರೆಯ ಲಕ್ಷಣಗಳು. ಫ್ರಾನ್ಸಿನಲ್ಲಾದರೋ 1936ರ ಜೂನ್ ತಿಂಗಳಲ್ಲಿ ಲೇಆನ್ ಬ್ಲುಮ್‌ನ ಸರಕಾರವು ದುಡಿಯುವವರಿಗೆ ವೇತನಸಹಿತವಾದ ಎರಡು ವಾರಗಳ ರಜೆಯನ್ನು ಶಾಸನದಿಂದಲೇ ದೊರಕಿಸಿಕೊಟ್ಟಿತು. ಆ ಸರಕಾರದ ಉಪಸಚಿವನಾಗಿದ್ದ ಲೇಓ ಲಾಗ್ರಾಂಜನು ರೈಲು ದರದಲ್ಲಿ ಶೇಕಡಾ 40ರ ರಿಯಾಯಿತಿಯನ್ನೂ ಕೊಡಿಸಿದನು. ಅದುವರೆಗೆ ಸಮುದ್ರವನ್ನೇ ಕಾಣದಿದ್ದ ಕುಟುಂಬಗಳು ಅದರ ದಂಡೆಯಲ್ಲಿ ತಳವೂರಿ ಕುಳಿತವು. ಎರಡು ವರ್ಷಗಳ ತರುವಾಯ ಬ್ರಿಟನ್ನು ಮಾಡಿದ ಶಾಸನವು ಒಂದೇ ವಾರದ ರಜೆಯನ್ನು ಕುರಿತಾಗಿತ್ತೆಂಬುದನ್ನೂ ಮರೆಯಲಾಗದು. ನಮ್ಮ ಕಡೆ ಗಾಡಿ ಕಟ್ಟಿಕೊಂಡು ದನಗಳ ಜಾತ್ರೆಗೆ ಹೋಗಿ ಮಾವಿನ ತೋಪಿನಲ್ಲಿ ವಾರಗಟ್ಟಲೆ ಬೀಡುಬಿಡುತ್ತಿದ್ದ ಒಕ್ಕಲು ಮನೆತನಗಳಂತೆ, ಫ್ರೆಂಚರು ಇಂದಿಗೂ ಮೇಜು, ಮೇಜಿನ ಹಾಸು, ಶೀತಕಯಂತ್ರ, ಅಜ್ಜಿ ಎಲ್ಲವನ್ನೂ ಹೊತ್ತು ತಂದು, ಹಿಂದಿನ ವರ್ಷದ ಮರದ ನೆರಳನ್ನೇ ಮತ್ತೆ ಹಿಡಿಯುತ್ತಾರೆ.

ಲೆಕ್ಕಕ್ಕೆ ಬರೋಣ. ಬ್ರಿಟನ್ನಿನ ಅನೇಕ ತಾಣಗಳಲ್ಲಿ ಬಾಡಿಗೆಯು ತಲೆಯ ಲೆಕ್ಕದ್ದು. ಬ್ಯಾಂಕ್ ರಜೆಯ ವಾರಾಂತ್ಯದಲ್ಲಿ ಎರಡು ಮೂರು ರಾತ್ರಿಗಳಿಗೆ ಕಡಮೆಯಿಲ್ಲದಂತೆ ಕಾದಿರಿಸತಕ್ಕದ್ದೆಂಬ ಕಟ್ಟಳೆ ಬೇರೆ. ಮಳೆಗೆ ಬೇಸತ್ತು ಮಧ್ಯದಲ್ಲಿಯೇ ಮನೆಗೆ ಮರಳಿದರೆ ಕೊಟ್ಟ ಹಣ ಕೊಟ್ಟಂತೆಯೇ. ಫ್ರಾನ್ಸಿನಲ್ಲಿ ಜಾಗ, ವಾಹನ, ಇಬ್ಬರು ಮನುಷ್ಯರು ಇಷ್ಟನ್ನೂ ಒಂದೇ ದರದಲ್ಲಿ ಸೇರಿಸುವುದು ವಾಡಿಕೆ. ಮಕ್ಕಳಿಗೆ ಅಲ್ಪ ಸ್ವಲ್ಪ ಹೆಚ್ಚು. ಅಲ್ಲಿನ ಪುಟ್ಟ ಊರುಗಳ ಪೌರಾಡಳಿತಗಳೇ ನಡೆಸುವ ತಾಣಗಳಂತೂ ಮಧ್ಯಮವರ್ಗದ ಪಾಲಿಗೆ ವರಪ್ರಸಾದವೇ ಸರಿ. ಲ್ವಾರ್ ನದಿಯ ದಂಡೆಯ ಇಂತಹದೊಂದರಲ್ಲಿ, ಸುತ್ತ ಹಸಿರು ಬೇಲಿ, ಬಿಸಿನೀರಿನ ಸ್ನಾನಗೃಹ, ನಡೆದು ಹೋಗುವಷ್ಟು ದೂರದಲ್ಲಿ ರೊಟ್ಟಿಯಂಗಡಿ ಇವುಗಳೊಡನೆ, ರಾತ್ರಿಯೊಂದಕ್ಕೆ ಇಪ್ಪತ್ತು ಯೂರೋಗಳ ಆಸುಪಾಸಿನಲ್ಲಿ ನಾವು ಸುಖವಾಗಿದ್ದೆವು. ಪ್ರಾಪ್ತವಯಸ್ಕರ ಮೇಲಿನ ವಾಸ್ತವ್ಯದ ತೆರಿಗೆಯು ಇಂತಹ ಕಡೆ ಸಾಮಾನ್ಯವಾಗಿ ದಿನಕ್ಕೆ ಒಂದು ಯೂರೋವಿಗೂ ಒಳಗೇ.

ಆದರೆ ಫ್ರಾನ್ಸೆಂದರೆ ಸದಾ ಅಗ್ಗವೆಂದು ಯಾರೂ ಭಾವಿಸಬಾರದು. ಜಾರುಬಂಡೆಗಳುಳ್ಳ ಈಜುಕೊಳದ ಪಂಚತಾರಾ ತಾಣವೊಂದರ ಮೊಬಿಲ್‌ಹೋಮ್ ಎಂಬ ತಗಡುಮನೆಗೆ ಆಗಸ್ಟಿನ ನಡುವಿನಲ್ಲಿ ವಾರಕ್ಕೆ ಸಾವಿರ ಯೂರೋ ಮೀರಿಸುವವರಿದ್ದಾರೆ. ಅಲ್ಲಿ ಬೆಲೆಯನ್ನು ನಿರ್ಣಯಿಸುವುದು ಸ್ಥಳಕ್ಕಿಂತ ಹೆಚ್ಚಾಗಿ ಪಂಚಾಂಗ. ಫ್ರೆಂಚ್ ಶಾಲೆಗಳು ಜುಲೈ ಮೊದಲ ವಾರದಲ್ಲಿ ಮುಚ್ಚಿ ಸೆಪ್ಟೆಂಬರ್ ಆರಂಭದಲ್ಲಿ ತೆರೆಯುವುದರಿಂದ, ಜೂನ್ ಕೊನೆಗೇ ಬಿಡುವಾಗುವ ಸ್ಕಾಟ್ಲೆಂಡಿನ ಮಕ್ಕಳ ತಂದೆತಾಯಿಗಳು ಇಳಿದ ದರದಲ್ಲಿಯೇ ಹೋಗಿಬರಬಹುದು. ಗ್ಲಾಸ್ಗೋದಲ್ಲಿರುವ ನನ್ನ ಭಾವಮೈದುನನು ಪ್ರತಿಸಲವೂ ಈ ಲಾಭವನ್ನು ಹೇಳಿಕೊಂಡು ನನ್ನ ಹೊಟ್ಟೆಯುರಿಸುತ್ತಾನೆ. ಇಂಗ್ಲೆಂಡಿನವರಿಗೆ ಉಳಿದದ್ದು ಆಗಸ್ಟಿನ ಕಡೆಯ ವಾರ: ಫ್ರೆಂಚರು ಮನೆಯ ಹಾದಿ ಹಿಡಿದಿರುತ್ತಾರೆ, ದರವು ತಗ್ಗಿರುತ್ತದೆ, ಬಿಸಿಲು ಮಾತ್ರ ಹಾಗೆಯೇ ಇರುತ್ತದೆ.

ಸಣ್ಣಪುಟ್ಟ ವೆಚ್ಚಗಳೂ ಗಮನಾರ್ಹ. ಫ್ರಾನ್ಸಿನ ತಾಣಗಳಲ್ಲಿ ವಿದ್ಯುತ್ತನ್ನು ಆಂಪಿಯರ್ ಲೆಕ್ಕದಲ್ಲಿ ಮಾರುತ್ತಾರೆ. ಆರು ಆಂಪಿಯರೆಂದರೆ ಸುಮಾರು 1,380 ವಾಟು. ಮೂರು ಸಾವಿರ ವಾಟಿನ ಇಂಗ್ಲಿಷ್ ಕೆಟಲನ್ನು ಅದಕ್ಕೆ ಚುಚ್ಚಿದೊಡನೆ ಕತ್ತಲೆ! ಹತ್ತು ಆಂಪಿಯರೂ ಅದಕ್ಕೆ ಸಾಲದೆಂಬುದರಿಂದ, ಹೆಚ್ಚಿನ ದರ ತೆರುವುದನ್ನು ಬಿಟ್ಟು ಕಾಫಿಗೆ ನೀರನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸುವುದೇ ವಿವೇಕ. ಬ್ರಿಟನ್ನಿನ ಕಾಲರ್ ಗ್ಯಾಸ್ ಸಿಲಿಂಡರನ್ನು ಫ್ರಾನ್ಸಿನಲ್ಲಿ ಬದಲಾಯಿಸಿಕೊಡುವವರಿಲ್ಲವಾದುದರಿಂದ ತುಂಬಿದ್ದನ್ನೇ ಒಯ್ಯತಕ್ಕದ್ದು. ಇನ್ನು ಈಜುಕೊಳದಲ್ಲಿ ಸಡಿಲವಾದ ಚಡ್ಡಿಗೆ ಪ್ರವೇಶವಿಲ್ಲ. ಮೈಗಂಟುವ ತುಂಡುಡುಗೆಯನ್ನೇ ತೊಡಬೇಕೆಂಬ ಆರೋಗ್ಯನಿಯಮವು ಮರ್ಯಾದಸ್ಥ ಗೃಹಸ್ಥನನ್ನು ಅಂಗಡಿಗೆ ಅಟ್ಟುತ್ತದೆ.

ನಮ್ಮವರಿಗೆ ವಿಶೇಷವಾದ ಹೊರೆಯೆಂದರೆ ವೀಸಾ. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿರುವವರಿಗೆ ಷೆಂಗೆನ್ ಶುಲ್ಕವು 2024ರ ಜೂನಿನಿಂದ ತಲೆಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾಶುಲ್ಕ ಇದರ ಮೇಲೆ. ಹಡಗಿನ ಅಥವಾ ಸುರಂಗದ ದರ, ಹೆದ್ದಾರಿಯ ಸುಂಕ ಇವೂ ಸೇರಿದರೆ, ಮೊದಲ ಡೇರೆಯ ಗೂಟವನ್ನು ನೆಡುವ ಮುನ್ನವೇ ಕೈಚೀಲ ಹಗುರಾಗಿರುತ್ತದೆ. ಈ ವೆಚ್ಚಗಳು ಬಹುಮಟ್ಟಿಗೆ ಮೂರು ದಿನಕ್ಕೂ ಅಷ್ಟೇ, ಹದಿನೈದು ದಿನಕ್ಕೂ ಅಷ್ಟೇ ಆದುದರಿಂದ, ದಿನಗಳು ಹೆಚ್ಚಿದಷ್ಟೂ ದಿನದ ಪಾಲು ಕುಗ್ಗುತ್ತದೆ. ಎರಡು ಮೂರು ರಾತ್ರಿಗಳ ಬಿಡುವಿದ್ದವರು ಡೆವನ್ನಿಗೋ ಲೇಕ್ ಡಿಸ್ಟ್ರಿಕ್ಟಿಗೋ ಹೋಗಲಿ. ಹತ್ತು ದಿನ ಮೀರಿ ಬಿಡುವಿದ್ದವರು ಕಡಲು ದಾಟಲಿ ಎಂಬುದು ನನ್ನ ಅಭಿಮತ. ದಾಟಿದ ಮೇಲೆ, ಅಲ್ಲಿನ ಅಂಗಡಿಯ ಕಾರ್ಡ್ ಯಂತ್ರವು ಪೌಂಡಿನಲ್ಲಿ ಕೊಡುವಿರಾ ಯೂರೋದಲ್ಲಿ ಕೊಡುವಿರಾ ಎಂದು ಕೇಳಿದಾಗ, ತಪ್ಪದೆ ಯೂರೋವನ್ನೇ ಒತ್ತಿರಿ; ಪೌಂಡನ್ನು ಒತ್ತಿದವರಿಗೆ ವಿನಿಮಯದ ದರವನ್ನು ಗೊತ್ತುಮಾಡುವುದು ಆ ಯಂತ್ರದವರೇ.